ಹದಿನಾಲ್ಕನೇ ಸಾಲು

"ಹದಿನಾಲ್ಕನೇದೂ ನಂದೇ ಸಾರ್."

ಧರ್ಮರಾಜುವಿನ ಬಾಯಿಂದ ಮಾತಿನ ಜೊತೆಗೆ ಒಂದು ಹಲ್ಲೂ ಬಂತು. ಅದು ಲಾಕಪ್ಪಿನ ನೆಲದ ಮೇಲೆ ಜಾರಿ, ಸಣ್ಣದೊಂದು ಕೆಂಪು ಗೆರೆ ಎಳೆದು, ಇನ್‌ಸ್ಪೆಕ್ಟರ್ ಹರಿಕೃಷ್ಣರ ಬೂಟಿನ ಹತ್ತಿರ ನಿಂತಿತು.

"ಕೊಲೆ ಯಾಕೆ ಮಾಡ್ದೆ ಅಂದ್ರೆ ಹೂವಿನ ನಂಬರ್ ಹೇಳ್ತಾನೆ ನೋಡಿ," ಎಂದು ಹರಿಕೃಷ್ಣ ಲಾಠಿಯನ್ನು ತಿರುಗಿಸಿ ಹಿಡಿದು ಅವನ ಹೊಟ್ಟೆಗೆ ತಿವಿದರು. ಗೋಡೆಗೆ ಒರಗಿ ಕೂತಿದ್ದ ಧರ್ಮರಾಜು ಸದ್ದಿಲ್ಲದೆ ಮಡಚಿಕೊಂಡ.

"ಸಾರ್, ಹೊಟ್ಟೆಗೆ ಬೇಡ," ಎಂದಳು ಪಿಎಸ್‌ಐ ತೇಜಸ್ವಿನಿ.

"ಸಂಜೆ ಇವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಅಷ್ಟರಲ್ಲಿ ಒಪ್ಕೊಂಡಿರ್ತಾನೆ. ನಿಮಗೆ ಬೇರೆ ಯಾರಾದ್ರೂ ಸಿಕ್ಕಿದ್ರೆ ಕರ್ಕೊಂಡ್ಬನ್ನಿ. ಇಲ್ಲಾಂದ್ರೆ ಬಾಗಿಲು ಹಾಕ್ಕೊಂಡು ಹೋಗಿ."

ಹಿಂದಿನ ದಿನ ಬೆಳಿಗ್ಗೆ, ಚಾಮರಾಜಪೇಟೆಯ ಹೂಗಿಡ ಸಂಘದ ಪ್ರಯೋಗ ತೋಟದಲ್ಲಿ ಕಾರ್ಯದರ್ಶಿ ಗಂಗಾಧರಯ್ಯನವರ ತಲೆಯನ್ನು ಯಾರೋ ಗುದ್ದಲಿಯಿಂದ ಸೀಳಿದ್ದರು. ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವನು ಈ ತರಕಾರಿ ಅಂಗಡಿಯ ಧರ್ಮರಾಜು.

ತೇಜಸ್ವಿನಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ತೋಟಕ್ಕೆ ಯಾಕೆ ಹೋದೆ ಅಂತ ಇನ್ನೊಂದ್ಸಲ ಹೇಳು."

"ಅಯ್ನೋರೇ ಅಂಗ್ಡಿ ಹತ್ರ ಬಂದು ಕರೆದ್ರು ಮೇಡಂ. ಒಂಬತ್ತನೇ ಸಾಲು, ಹದಿನಾಲ್ಕನೇ ಸಾಲು ಎರಡೂ ನೋಡ್ಬಿಟ್ಟು ನಿನ್ ಗಿಡ ಯಾವ್ದು ಹೇಳು ಅಂದ್ರು. ನಾನು ಹೋಗೋ ಹೊತ್ಗೆ..." ಅವನು ರಕ್ತ ನುಂಗಿದ. "ಒಂಬತ್ತು ಪೂರ್ತಿ ಕಿತ್ತಾಕಿದ್ರು. ಹದಿನಾಲ್ಕು ನಿಂತಿತ್ತು. ಎರಡೂ ನಂದೇ. ದಂಟಲ್ಲಿ ಕೆಂಪು ಗೆರೆ ಐತೆ, ನೋಡಿ ಬೇಕಾದ್ರೆ."

"ನೀನು ಎಷ್ಟು ಸಾಲಿಗೆ ಸಸಿ ಕೊಟ್ಟಿದ್ದೆ?"

"ಒಂದೇ."

ಹರಿಕೃಷ್ಣ ನಕ್ಕರು. ತೇಜಸ್ವಿನಿ ನಗಲಿಲ್ಲ.

ಠಾಣೆಯ ಜಗಲಿಯಲ್ಲಿ ಅವನ ಹೆಂಡತಿ ಸಪ್ಪಲಮ್ಮ ತರಕಾರಿ ಬುಟ್ಟಿಯನ್ನು ಅವುಚಿಕೊಂಡು ಕೂತಿದ್ದಳು. ಒಳಗಿನ ಪ್ರತಿ ಏಟೂ ಅಲ್ಲಿಗೆ ಕೇಳಿಸುತ್ತಿತ್ತು. ತೇಜಸ್ವಿನಿ ಹತ್ತಿರ ಹೋದಾಗ ಅವಳು ಬುಟ್ಟಿಯ ಮೇಲಿನ ಕೊತ್ತಂಬರಿ ಕಟ್ಟುಗಳನ್ನು ಸರಿಸಿದಳು. ಕೆಳಗೆ ಒಂದು ಮಣ್ಣಿನ ಕುಂಡ, ಅದರಲ್ಲಿ ಮೊಗ್ಗು ಹೊತ್ತ ಸೇವಂತಿಗೆ ಗಿಡ. ದಂಟಿನ ಉದ್ದಕ್ಕೂ ದಾರದಂಥ ಕೆಂಪು ಗೆರೆ.

"ನೆನ್ನೆ ನಾವು ಇಲ್ಲಿ ಕೂತಿದ್ವಲ್ಲ, ಆವಾಗ ಯಾರೋ ಮಾಳಿಗೆ ಹತ್ತಿ ಎಲ್ಲಾ ಕುಂಡಕ್ಕೂ ಸೀಮೆಎಣ್ಣೆ ಸುರ್ದವ್ರೆ. ಒಂದೂ ಉಳೀಲಿಲ್ಲ. ಇದು ಬಚ್ಚಲ ಕಲ್ಲಿನ ಹತ್ರ ಇತ್ತು, ಕಾಣ್ಲಿಲ್ಲ ಅನ್ಸತ್ತೆ."

"ಇದು ಯಾವಾಗ ಅರಳತ್ತೆ?"

"ಇನ್ನೊಂದು ವಾರ. ಇದೂ ಅರಳಿ, ತೋಟದ್ದೂ ಅರಳಿದ್ರೆ, ಎರಡೂ ಒಂದೇ ಅಂತ ಕಣ್ಣಿದ್ದೋರಿಗೆಲ್ಲ ಕಾಣತ್ತಲ್ವಾ? ನಮ್ಮೋರು ಸುಳ್ಳು ಹೇಳ್ತಿಲ್ಲ ಅಂತ ಗೊತ್ತಾಗತ್ತಲ್ವಾ?" ಅವಳು ಕೊತ್ತಂಬರಿಯನ್ನು ಮತ್ತೆ ಮುಚ್ಚಿದಳು. "ಸಂಘದಲ್ಲಿ ಗೆದ್ರೆ ಈ ಹೂವಿಗೆ ನನ್ ಹೆಸ್ರು ಇಡ್ತೀನಿ ಅಂತಿದ್ರು. ಸಪ್ಪಲಮ್ಮ ಅಂತ ಹೂ ಯಾರ್ ಕೊಂಡ್ಕೊತಾರೆ, ತಲೆ ಕೆಟ್ಟೈತಾ ಅಂದಿದ್ದೆ."

ಒಳಗೆ ಮತ್ತೊಂದು ಏಟು ಬಿತ್ತು. ತೇಜಸ್ವಿನಿ ಅವಳ ತೋಳು ಹಿಡಿದು ಎಬ್ಬಿಸಿ, ಬುಟ್ಟಿಯ ಸಮೇತ ಜೀಪಿಗೆ ಹತ್ತಿಸಿದಳು. ಈ ಕುಂಡ ಕಣ್ಣ ಮುಂದೆಯೇ ಇರಬೇಕು ಎನಿಸಿತ್ತು ಅವಳಿಗೆ.

*

ತೋಟದ ಗೇಟಿನಲ್ಲಿ ಚೂಡಾಮಣಿಯವರು ಕಾಯುತ್ತಿದ್ದರು.

ಮಲ್ಲೇಶ್ವರದ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ. ಸಂಘದ ಹಿರಿಯ ತೀರ್ಪುಗಾರ್ತಿ. ಕೊಲೆಯ ಸುದ್ದಿ ತಿಳಿದೊಡನೆ ಆಟೋ ಹಿಡಿದು ಬಂದು, ಪೋಲೀಸರ ಕಾಲ್ತುಳಿತಕ್ಕೆ ಸಿಗದಂತೆ ಸಾಲುಗಳಿಗೆ ಹಗ್ಗ ಕಟ್ಟಿಸಿದವರು ಅವರೇ. ಸಪ್ಪಲಮ್ಮನನ್ನು ಕಂಡು ಮುಖ ಸಣ್ಣ ಮಾಡಿಕೊಂಡರು.

"ಪಾಪ, ಒಳಗೆ ಸಂಘದ ರೂಮಿದೆ, ಹೋಗಿ ಕೂತ್ಕೊಳ್ಳಮ್ಮ. ಬಿಸಿಲಲ್ಲಿ ನಿಲ್ಬೇಡ."

ತೇಜಸ್ವಿನಿ ಹಗ್ಗ ದಾಟಿದಳು. ರಕ್ತ ಇಂಗಿ ಮಣ್ಣು ಕಪ್ಪಗೆ ಗಟ್ಟಿಯಾಗಿತ್ತು. ಅದರಲ್ಲಿ ಗಂಗಾಧರಯ್ಯನವರ ಕೆನ್ನೆ ಒತ್ತಿದ ಗುರುತು ಇನ್ನೂ ಉಳಿದಿತ್ತು. ಇರುವೆಗಳು ಆ ಗುಂಡಿಯೊಳಗೆ ಇಳಿದು ಹತ್ತುತ್ತಿದ್ದವು. ಆಚೆ ಒಂಬತ್ತನೇ ಸಾಲಿನ ಗಿಡಗಳು ಬೇರು ಮೇಲಾಗಿ ಒಣಗಿದ್ದವು.

"ಇಲ್ಲಿನ ಪದ್ಧತಿ ನನಗೆ ಇನ್ನೊಂದ್ಸಲ ಹೇಳಿ ಮೇಡಂ. ಇನ್‌ಸ್ಪೆಕ್ಟರಿಗೆ ಬಿಡಿಸಿ ಹೇಳ್ಬೇಕು."

"ಹೊಸ ತಳಿ ಬೆಳೆಸಿದೋರು ಸಸಿ ತಂದು ಗಂಗಾಧರಯ್ಯನ ಕೈಗೆ ಕೊಡ್ತಾರೆ. ಅವರು ನೆಟ್ಟು ಒಂದು ನಂಬರ್ ಹಾಕ್ತಾರೆ. ಯಾವ ನಂಬರ್ ಯಾರದು ಅಂತ ಅವರೊಬ್ಬರಿಗೇ ಗೊತ್ತು. ನಮಗೆ, ತೀರ್ಪುಗಾರರಿಗೆ, ಬರೀ ಗಿಡ ಕಾಣ್ಬೇಕು, ಮನುಷ್ಯ ಕಾಣ್ಬಾರ್ದು."

"ನಂಬರ್ ಎಲ್ಲೂ ಬರೆದಿಟ್ಟಿಲ್ವಾ?"

"ತಲೇಲಿತ್ತು." ಚೂಡಾಮಣಿಯವರು ಕಪ್ಪು ಮಣ್ಣನ್ನು ನೋಡಿದರು. "ಮೂರು ವರ್ಷ ನೋಡ್ತೀವಿ. ಮೊಗ್ಗಿನಲ್ಲೊಂದ್ಸಲ, ಅರಳಿದಾಗ ಒಂದ್ಸಲ. ಆಮೇಲೆ ನಾಲ್ಕು ಹೂ ಬುಡದವರೆಗೂ ಕೊಯ್ದು ಮನೆಗೆ ಒಯ್ತೀವಿ. ಹೂದಾನೀಲಿ ಎಷ್ಟು ದಿನ ನಿಲ್ಲತ್ತೆ ನೋಡೋಕೆ. ಎಲ್ಲದಕ್ಕೂ ಅಂಕ. ಗೆದ್ದಿದ್ದಕ್ಕೆ ಹೆಸರಿಡೋದು. ಆಮೇಲೆ ನರ್ಸರಿಯವರ ಸಂಭ್ರಮ. ಸುಲ್ತಾನ್‌ಪೇಟೇಲಿ ಮದುವೆ ಕಾರ್ಡಿನ ಥರ ಆಹ್ವಾನ ಹೊಡೆಸಿ ಊರಿಗೆಲ್ಲ ಹಂಚ್ತಾರೆ. ಜನವರಿ ಪ್ರದರ್ಶನದಲ್ಲಿ ಮೊದಲ ಕುಂಡ. ಮರುವರ್ಷ ಊರೆಲ್ಲ ಅದೇ ಹೂ, ಅದೇ ಹೆಸರು."

"ಗಿಡವನ್ನ ನಡುವೆ ಯಾರಾದ್ರೂ ಮುಟ್ಬಹುದಾ?"

"ಯಾರೂ ಮುಟ್ಟೋ ಹಾಗಿಲ್ಲ. ಕೋಲು ಕಟ್ಟೋ ಹಾಗಿಲ್ಲ, ಗೊಬ್ಬರ ಜಾಸ್ತಿ ಹಾಕೋ ಹಾಗಿಲ್ಲ. ತಾನಾಗೇ ಹೇಗೆ ಬೆಳೆಯತ್ತೆ ಅನ್ನೋದೇ ಪರೀಕ್ಷೆ."

ತೇಜಸ್ವಿನಿ ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದಳು. ಮೆಣಸಿನ ಕಾಳಿನಷ್ಟು ದಪ್ಪದ, ಬಾಡಿದ ಹಸಿರು ಗುಂಡುಗಳು. ಕೆಲವಕ್ಕೆ ರಕ್ತ ಮೆತ್ತಿ ಒಣಗಿತ್ತು.

"ಶವಪರೀಕ್ಷೆ ಮಾಡಿದ ಡಾಕ್ಟ್ರು ಕೊಟ್ರು. ಗಂಗಾಧರಯ್ಯನವರ ಅಂಗಿ ಎದೆಗೆ ಅಂಟಿಕೊಂಡಿದ್ವು. ಅಂದ್ರೆ ಅವರು ಬೀಳೋದಕ್ಕೆ ಮುಂಚೆಯೇ ಇವು ನೆಲದ ಮೇಲಿದ್ವು."

ಚೂಡಾಮಣಿಯವರು ಕೊರಳಲ್ಲಿ ತೂಗುತ್ತಿದ್ದ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹನ್ನೆರಡನೇ ಸಾಲಿನತ್ತ ನಡೆದರು. ಹೆಣ ಬಿದ್ದಿದ್ದ ಜಾಗಕ್ಕೆ ತಾಗಿದ್ದ ಸಾಲು ಅದು. ಅಲ್ಲಿ ಒಂದೆರಡು ಗಿಡಗಳ ತುದಿಯಲ್ಲಿ ನಡುವಿನ ಮೊಗ್ಗೊಂದೇ ಇತ್ತು, ಪಕ್ಕದವು ಇರಲಿಲ್ಲ.

"ಪಕ್ಕದ ಮೊಗ್ಗು ಚಿವುಟಿದಾರೆ," ಎಂದರು ಮೆಲ್ಲಗೆ. "ಪಂದ್ಯಕ್ಕೆ ಹೂ ಬೆಳೆಯೋರ ಕೆಲಸ. ಪಕ್ಕದ್ದೆಲ್ಲ ತೆಗೆದ್ರೆ ನಡುವಿಂದು ತಟ್ಟೆಯಷ್ಟಾಗತ್ತೆ. ಕಪ್ ಗೆಲ್ಲತ್ತೆ. ಆದ್ರೆ ಇಲ್ಲಿ ಅದನ್ನ ಯಾರೂ ಮಾಡ್ಬಾರ್ದು."

"ಮಾಡಿದಾರೆ. ಅದೂ ಗಂಗಾಧರಯ್ಯನವರ ಎದುರಿಗೇ, ಅವರ ಜೊತೆ ಮಾತಾಡ್ತಾ. ಬೆದರಿಸೋಕೆ ಬಂದೋನು ಮೊಗ್ಗು ಚಿವುಟ್ತಾ ನಿಲ್ಲಲ್ಲ. ಪರಿಚಯದೋರು. ಕೈ ತಾನಾಗೇ ಹೋಗಿದೆ, ಅವರಿಗೇ ಗೊತ್ತಿಲ್ಲ. ಧರ್ಮರಾಜು ಮೊಗ್ಗು ಚಿವುಟ್ತಾನಾ ಮೇಡಂ?"

"ಅವನು ಬೀಜಕ್ಕೆ ಬೆಳೆಯೋನು. ಒಂದು ಮೊಗ್ಗು ಹೋದ್ರೂ ಅವನಿಗೆ ನಷ್ಟ." ಚೂಡಾಮಣಿಯವರು ನಿಟ್ಟುಸಿರಿಟ್ಟರು. "ಹೇಳ್ಬಾರ್ದು. ಆದ್ರೂ ಬಸವನಗುಡಿ ರಾಮಾನುಜ ಅವರನ್ನ ಒಂದು ಮಾತು ಕೇಳಿ. ಪ್ರತಿವರ್ಷ ಕಪ್ ಅವರಿಗೇ. ಕೋಪ ಬಂದ್ರೆ ಮನುಷ್ಯರಲ್ಲ. ನೀವು ಹೋಗ್ಬನ್ನಿ, ಸಪ್ಪಲಮ್ಮನ್ನ ನಾನು ನೋಡ್ಕೋತೀನಿ."

ಬೆನ್ನ ಹಿಂದೆ ಕಟ್ಟಿದ ಕೈಗಳನ್ನು ಅವರು ಬಿಡಲೇ ಇಲ್ಲ.

*

ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ರಾಮಾನುಜ ಅವರ ಮನೆ. ಇಡೀ ತಾರಸಿಯ ಮೇಲೆ ಕುಂಡಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಪ್ರತಿ ಗಿಡಕ್ಕೂ ಒಂದು ಬಿದಿರು ಕಡ್ಡಿ, ತುದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಒಂದೇ ಮೊಗ್ಗು.

"ಮನೆಗೊಂದೇ ಮಗು ಮೇಡಂ," ಎಂದ ಪೇದೆ ಕಾಳಪ್ಪ. "ಫ್ಯಾಮಿಲಿ ಪ್ಲಾನಿಂಗ್‌ನೋರು ಬಂದು ನೋಡ್ಬೇಕು."

ರಾಮಾನುಜ ನಗಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ, ಪಂಚೆ ಬನಿಯನ್ನಿನ ತೆಳ್ಳನೆಯ ಮನುಷ್ಯ. ಕೈಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲು ಇತ್ತು.

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?"

"ಇಲ್ಲೇ. ನನ್ನ ಹೆಂಡತೀನ ಕೇಳಿ. ನಲವತ್ತು ವರ್ಷದಿಂದ ಅವಳ ದೂರೂ ಅದೇ."

"ಪ್ರಯೋಗದ ತೋಟಕ್ಕೆ ಹೋಗಿರ್ಲಿಲ್ವಾ?"

"ಅಲ್ಲೇನಿದೆ ರೀ? ಕೋಲಿಲ್ಲ, ಆರೈಕೆ ಇಲ್ಲ. ಗಿಡ ತಾನಾಗೇ ಬೆಳೀಲಿ ಅಂದ್ರೆ ತೋಟಗಾರ ಯಾಕೆ? ಅದು ಕಾಡು."

ಅಷ್ಟರಲ್ಲಿ ಕಾಳಪ್ಪ ಮೂಲೆಯ ಕುಂಡವೊಂದನ್ನು ಓರೆ ಮಾಡಿ ಹಿಂದೆ ಇಣುಕಲು ಹೋದ. ಕುಂಡ ಜಾರಿತು. ದಂಟು ಕಟಕ್ಕೆಂದು ಮುರಿದು, ದಪ್ಪ ಮೊಗ್ಗು ಉರುಳಿಕೊಂಡು ಹೋಗಿ ನೀರಿನ ತೊಟ್ಟಿಯಲ್ಲಿ ಬಿತ್ತು.

ರಾಮಾನುಜರ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ಕುಡುಗೋಲು ಕಾಳಪ್ಪನ ಕುತ್ತಿಗೆಯತ್ತ ಬೀಸಿ ಬಂತು. ತೇಜಸ್ವಿನಿ ನಡುವೆ ಕೈ ಒಡ್ಡಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ತಣ್ಣನೆಯದೇನೋ ಹರಿದಂತಾಯಿತು. ಮರುಕ್ಷಣ ಖಾಕಿ ತೋಳು ಬಾಯ್ದೆರೆದು ರಕ್ತ ತಾರಸಿಗೆ ಸುರಿಯಿತು.

ಎರಡನೆಯ ಬೀಸು ಮುಖಕ್ಕೆ ಬಂತು. ಅವಳು ಬಗ್ಗಿದಳು. ಕುಡುಗೋಲು ಬಾಗಿಲ ಚೌಕಟ್ಟಿಗೆ ನಾಟಿಕೊಂಡಿತು. ಕಾಳಪ್ಪನ ಲಾಠಿ ರಾಮಾನುಜರ ಮೊಣಕಾಲಿಗೆ ಬಿತ್ತು, ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವರು ಬಿದ್ದರು. ಬಿದ್ದಲ್ಲಿಂದಲೇ ತೆವಳಿ ಕಾಳಪ್ಪನ ಮೀನಖಂಡಕ್ಕೆ ಹಲ್ಲು ಹಾಕಿದರು. ತೇಜಸ್ವಿನಿ ಅವರ ಕತ್ತಿನ ಮೇಲೆ ಮೊಣಕಾಲೂರಿ ಮುಖವನ್ನು ನೆಲಕ್ಕೆ ಒತ್ತಿ ಹಿಡಿದಳು. ಅವಳ ರಕ್ತ ಅವರ ನರೆತ ಕೂದಲಿಗೆ ತೊಟ್ಟಿಕ್ಕುತ್ತಿತ್ತು.

"ಜನವರಿಗೆ ಇಟ್ಟಿದ್ದೆ ಅದನ್ನ," ಎಂದು ಅವರು ಅಳುತ್ತಿದ್ದರು. "ಅದೊಂದನ್ನೇ ಇಟ್ಟಿದ್ದೆ."

ಬೇಡಿ ಹಾಕಲು ಬಲಗೈ ಎಳೆದಾಗ ತೇಜಸ್ವಿನಿ ನಿಂತುಬಿಟ್ಟಳು. ಹೆಬ್ಬೆರಳಿನ ಮೇಲಿನ ಗೆಣ್ಣು ಇರಲಿಲ್ಲ. ಹಳೆಯ, ಮಾಗಿದ ಮೊಂಡು.

"ಮೊಗ್ಗು ಯಾವುದರಲ್ಲಿ ತೆಗೀತೀರಿ?"

"ಕತ್ತರೀಲಿ. ಇನ್ಯಾವುದರಲ್ಲಿ ತೆಗೀಲಿ? ಬ್ಯಾಂಕಿನ ತಿಜೋರಿ ಬಾಗಿಲಿಗೆ ಸಿಕ್ಕಿ ಬೆರಳು ಹೋದಾಗಿನಿಂದ ಸಂಘದಲ್ಲಿ ಎಲ್ಲರೂ ನನ್ನನ್ನ ಕತ್ತರಿ ರಾಮಾನುಜ ಅಂತಾನೇ ಕರೆಯೋದು."

ಅವಳು ಹತ್ತಿರದ ಗಿಡ ನೋಡಿದಳು. ತೊಟ್ಟುಗಳೆಲ್ಲ ನೇರವಾಗಿ ಕತ್ತರಿಸಿದಂತಿದ್ದವು. ಪೊಟ್ಟಣದ ಮೊಗ್ಗುಗಳ ಬುಡದಲ್ಲಿ ಇದ್ದದ್ದು ಉಗುರಿನ ಬಾಗಿದ ಗುರುತು.

*

ಜೀಪಿನಲ್ಲಿ ಕರವಸ್ತ್ರ ಬಿಗಿದುಕೊಂಡರೂ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದ ಕಾಳಪ್ಪ. ಮೊದಲು ತೋಟಕ್ಕೆ ಎಂದಳು ತೇಜಸ್ವಿನಿ. ಉಗುರಲ್ಲಿ ಚಿವುಟುವವರು ಸಂಘದಲ್ಲಿ ಇನ್ನು ಯಾರು ಎಂದು ಚೂಡಾಮಣಿಯವರನ್ನೇ ಕೇಳಬೇಕಿತ್ತು. ಬಿಸಿಲು ಆಗಲೇ ಇಳಿಮುಖವಾಗಿತ್ತು.

ತೋಟದ ಮುಂದೆ ಅವಳನ್ನು ಇಳಿಸಿ, ರಾಮಾನುಜರನ್ನು ಡ್ರೈವರನ ಕಾವಲಿಗೆ ಬಿಟ್ಟು, ಕಾಳಪ್ಪ ಠಾಣೆಗೆ ಫೋನು ಮಾಡಲು ಎದುರಿನ ಅಂಗಡಿಗೆ ಹೋದ.

ಸಂಘದ ರೂಮು ತಂಪಾಗಿತ್ತು. ಗೋಡೆಗೆ ಗುದ್ದಲಿ, ಸನಿಕೆಗಳನ್ನು ಒರಗಿಸಿದ್ದರು. ಸಪ್ಪಲಮ್ಮ ನೆಲದ ಮೇಲೆ ಕೂತಿದ್ದಳು, ಅವಳ ಕುಂಡ ಮೇಜಿನ ಮೇಲಿತ್ತು.

"ಅಯ್ಯೋ, ಏನಿದು ತೇಜಸ್ವಿನಿ," ಎಂದು ಚೂಡಾಮಣಿಯವರು ಅವಳನ್ನು ಕುರ್ಚಿಗೆ ಎಳೆದು ಕೂರಿಸಿದರು. ಔಷಧಿ ಡಬ್ಬಿ ತೆಗೆದು, ಕಸಿ ಮಾಡುವ ಸಣ್ಣ ಚಾಕುವಿನಿಂದ ಅಂಗಿಯ ತೋಳು ಸೀಳಿ, ಬಟ್ಟೆ ಸುತ್ತತೊಡಗಿದರು. ಬೆರಳುಗಳು ಚುರುಕಾಗಿದ್ದವು, ಮೆತ್ತಗಿದ್ದವು. "ರಾಮಾನುಜ ಒಪ್ಕೊಂಡ್ರಾ?"

"ಇಲ್ಲ."

"ಪೋಲೀಸರ ಮೇಲೆ ಕತ್ತಿ ಎತ್ತಿದಾರಲ್ಲ, ಇನ್ನೇನು ಬೇಕು? ನಿಮ್ಮ ಇನ್‌ಸ್ಪೆಕ್ಟರಿಗೆ ಅಷ್ಟು ಸಾಲ್ದಾ?"

"ಮೇಡಂ, ಅವರಿಗೆ ಹೆಬ್ಬೆರಳಿಲ್ಲ."

ಸುತ್ತುತ್ತಿದ್ದ ಕೈ ನಿಂತಿತು.

"ಹೌದಾ," ಎಂದರು ಚೂಡಾಮಣಿ. ಎಡಗೈ ತೇಜಸ್ವಿನಿಯ ಮಣಿಕಟ್ಟನ್ನು ಹಿಡಿದೇ ಇತ್ತು, ಕಟ್ಟಿನ ತುದಿ ಅದೇ ಮುಷ್ಟಿಗೆ ಸುತ್ತಿಕೊಂಡಿತ್ತು. "ನಾನು ಗಮನಿಸಿರ್ಲಿಲ್ಲ."

ಸಂಘದಲ್ಲಿ ಎಲ್ಲರೂ ಕತ್ತರಿ ರಾಮಾನುಜ ಅಂತಾನೇ ಕರೆಯೋದು.

ತೇಜಸ್ವಿನಿ ತಲೆ ಎತ್ತಲಿಲ್ಲ. ಮೇಜಿನ ಮೇಲಿದ್ದ ಅವರ ಬಲಗೈಯನ್ನು ಮಾತ್ರ ನೋಡುತ್ತಿದ್ದಳು. ಹೆಬ್ಬೆರಳಿನ ಉಗುರು ಉದ್ದವಾಗಿತ್ತು, ಅದರಡಿ ತೊಳೆದರೂ ಹೋಗದ ಹಸಿರುಗಪ್ಪು. ಆ ಕೈ ನಿಧಾನವಾಗಿ ಕುಂಡದ ಕಡೆ ಸರಿಯಿತು. ಗಿಡದ ತುದಿಯನ್ನು ತಡವಿತು. ಒಂದು ಪಕ್ಕದ ಮೊಗ್ಗು ಉದುರಿತು. ಇನ್ನೊಂದು.

"ಅಮ್ಮೋರೇ," ಎಂದಳು ಸಪ್ಪಲಮ್ಮ ನೆಲದಿಂದ. "ಮೊಗ್ಗು ಯಾಕ್ ಕೀಳ್ತಿದ್ದೀರಾ?"

ಚೂಡಾಮಣಿಯವರು ಮೇಜಿನ ಮೇಲೆ ಬಿದ್ದಿದ್ದ ಹಸಿರು ಗುಂಡುಗಳನ್ನು ನೋಡಿದರು. ಆಮೇಲೆ ತೇಜಸ್ವಿನಿಯನ್ನು ನೋಡಿದರು. ಮುಖದಲ್ಲಿದ್ದದ್ದು ಸಿಟ್ಟಲ್ಲ, ನಾಚಿಕೆ.

ಅವಳು ಎದ್ದೇಳುವ ಮೊದಲೇ ಚಾಕು ಕಟ್ಟಿನೊಳಗೆ ನುಗ್ಗಿ ಮಣಿಕಟ್ಟಿನ ನರದ ಮೇಲೆ ಕೂತಿತು. ಅಲುಗಾಡಿದಷ್ಟೂ ಒಳಗಿಳಿಯಿತು. ಬಿಳಿ ಬಟ್ಟೆ ಕೆಂಪಾಗತೊಡಗಿತು.

"ಕೂತ್ಕೋ ಮಗಳೇ. ಗಿಡದ ಕಣ್ಣು ತೆಗೆದು ಕಸಿ ಮಾಡೋ ಚಾಕು ಇದು, ಬಹಳ ಹರಿತ."

"ಹೂದಾನಿಗೆ ಅಂತ ಒಯ್ದ ದಂಟು," ಎಂದಳು ತೇಜಸ್ವಿನಿ. "ಬುಡದವರೆಗೂ ಕೊಯ್ದಿದ್ದು. ಬುಡದಲ್ಲಿ ಚಿಗುರಿದ ಮರಿ ಸಮೇತ. ಒಂಬತ್ತನೇ ಸಾಲಿನ ಆ ಮರೀನೇ ಬೆಳೆಸಿ ಹದಿನಾಲ್ಕನೇ ಸಾಲಿಗೆ ಕೊಟ್ರಿ."

"ನರ್ಸರಿಯವನೊಬ್ಬನ ಹೆಸರಲ್ಲಿ ಕೊಟ್ಟೆ. ಗಂಗಾಧರಯ್ಯ ಅರಳೋವರೆಗೂ ಕಾಯ್ತಾನೆ ಅಂದ್ಕೊಂಡಿದ್ದೆ, ಮೊಗ್ಗಿನಲ್ಲೇ ಕಂಡುಹಿಡಿದ. ನನ್ನನ್ನೇ ಕರೆದು, ಚೂಡಾಮಣಿ, ಇವೆರಡೂ ಒಂದೇ ಥರ ಕಾಣ್ತಿದೆಯಲ್ಲ, ನೀವೇ ನೋಡಿ ಹೇಳಿ ಅಂದ. ಅಷ್ಟು ನಂಬಿಕೆ ನನ್ ಮೇಲೆ." ಧ್ವನಿ ಸ್ವಲ್ಪವೂ ಏರಲಿಲ್ಲ. "ಜೀವಮಾನವೆಲ್ಲ ಬೇರೆಯವರ ಹೂವಿಗೆ ಅಂಕ ಕೊಟ್ಟೆ. ಒಂದಕ್ಕೆ ನನ್ನ ಹೆಸರಿರ್ಲಿ ಅಂತ ಆಸೆ ಪಟ್ಟೆ. ಚೂಡಾಮಣಿ ಅಂದ್ರೆ ಹೂವಿಗೆ ಒಪ್ಪತ್ತೆ. ಇವಳೇ ಹೇಳಿದ ಹಾಗೆ, ಸಪ್ಪಲಮ್ಮ ಅಂತ ಸೇವಂತಿಗೆಗೆ ಯಾರಾದ್ರೂ ಇಡ್ತಾರಾ?"

ನೆಲದ ಮೇಲಿದ್ದವಳು ಎದ್ದು ನಿಂತಿದ್ದಳು.

"ಬಾಗಿಲು ಹಾಕು ಸಪ್ಪಲಮ್ಮ," ಎಂದರು ಚೂಡಾಮಣಿ, ಅವಳ ಕಡೆ ತಿರುಗದೆ. "ನಿನ್ ಗಂಡನ್ನ ಬಡಿತಿರೋರು ನಾನಲ್ಲ. ಇವಳ ಠಾಣೆಯೋರು. ಇವಳು ಅಲ್ಲೇ ನಿಂತು ನೋಡ್ತಿದ್ಳು, ಅದು ನಿನಗೂ ಗೊತ್ತು. ಬಾಗಿಲು ಹಾಕು. ನಿನ್ ಗಂಡನ್ನ ನಾನು ಬಿಡಿಸ್ತೀನಿ."

ಸಪ್ಪಲಮ್ಮ ಬಾಗಿಲಿನ ಹತ್ತಿರ ಹೋದಳು. ಚಿಲಕ ಬಿದ್ದ ಸದ್ದಾಯಿತು.

ಅದೇ ಹೊತ್ತಿಗೆ ಹೊರಗೆ ಅಂಗಳದಲ್ಲಿ ಓಡಿ ಬರುವ ಹೆಜ್ಜೆಗಳು. ಕಾಳಪ್ಪ ಬಾಗಿಲು ಬಡಿದ.

"ಮೇಡಂ, ಠಾಣೆಯಿಂದ ಹೇಳಿದ್ರು. ಧರ್ಮರಾಜು ಬಿದ್ದುಬಿಟ್ಟಿದಾನಂತೆ. ಬಾಯಲ್ಲಿ ರಕ್ತ ನಿಲ್ತಿಲ್ಲ. ಆಸ್ಪತ್ರೆಗೆ ಒಯ್ದಿದಾರೆ, ಉಳಿಯೋದು ಕಷ್ಟ ಅಂತಿದಾರೆ. ಆ ಯಮ್ಮಂಗೆ ಈಗಲೇ ಹೇಳ್ಬೇಡಿ. ಮೇಡಂ, ಕೇಳಿಸ್ತಾ?"

ಮೇಜಿನ ಅಂಚಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಸಪ್ಪಲಮ್ಮ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಎತ್ತಿಕೊಂಡಳು. ದಿನವೂ ಹಿಡಿಯುವವಳ ಹಾಗೆ, ಒಂದು ಕೈ ಕಾವಿನ ತುದಿಗೆ, ಇನ್ನೊಂದು ಕೈ ನಡುವಿಗೆ. ಮೇಜಿನ ಹತ್ತಿರ ಬಂದು ಮೊದಲು ಕುಂಡವನ್ನು ಒಂದೇ ಕೈಯಲ್ಲಿ ದೂರ ಸರಿಸಲು ನೋಡಿದಳು, ಆಗಲಿಲ್ಲ. ಗುದ್ದಲಿಯನ್ನು ಕಂಕುಳಿಗೆ ಸಿಕ್ಕಿಸಿ, ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಮೇಲಿಟ್ಟಳು.

ಆಮೇಲೆ ತಿರುಗಿ ಗುದ್ದಲಿಯನ್ನು ತಲೆಯ ಮೇಲೆತ್ತಿದಳು.

ಮೇಜಿನ ಬಳಿಯಿದ್ದ ಇಬ್ಬರು ಹೆಂಗಸರ ಕೈಗಳೂ ಒಂದೇ ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದವು. ಸಪ್ಪಲಮ್ಮನ ಕಣ್ಣು ಇಬ್ಬರಲ್ಲಿ ಯಾರ ಮೇಲಿದೆ ಎಂದು ತೇಜಸ್ವಿನಿಗೆ ತಿಳಿಯಲಿಲ್ಲ.